ಕ್ಯೂ ಕೋಲಿಗೆ ಚರ್ಮ ಸುತ್ತುತ್ತಿದ್ದ ಮಾಮಾ

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ತಮ್ಮ ಹೆಸರು ಯಾವುದಾದರೂ ಕಾಗದದ ಮೇಲೆ ಏರುತ್ತದೆ ಎಂದರೆ ಅವರಿಗೆ ಅಂಜಿಕೆಯಾಗುತ್ತಿತ್ತು. ಹೋದ ತಿಂಗಳು ಕಳವಾ ಸ್ಟೇಶನ್ನಿನ ಹಿಂದಿನ ಚಾಳಿನಲ್ಲಿ, ಬೆಳಗಿನ ಚಹಾ ಕುಡಿಯುತ್ತಿದ್ದವರು ಎದೆ ಹಿಡಿದುಕೊಂಡು ಗೋಡೆಗೆ ಒರಗಿದರಂತೆ. ಪಕ್ಕದ ಖೋಲಿಯವರು ರಿಕ್ಷಾ ತರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವರ ಬಗ್ಗೆ ನಾಲ್ಕು ಮಾತು ಬರೆಯೋಣ ಎಂದು ಕೂತರೆ, ನನ್ನ ಬಗ್ಗೆಯೂ ಕೆಲವನ್ನು ಒಪ್ಪಿಕೊಳ್ಳದೆ ಅದು ಸಾಧ್ಯವಿಲ್ಲ ಎಂದು ತಿಳಿಯಿತು. ನನ್ನ ಗಂಡನಿಗೂ ಇದು ಗೊತ್ತಾಗುವುದು ಇದನ್ನು ಓದಿದಾಗಲೇ.

ಎಲ್ಲರೂ ಅವರನ್ನು ಮಾಮಾ ಎನ್ನುತ್ತಿದ್ದರು. ಎರಡು ಸಾವಿರದ ಐದಾರರ ಸುಮಾರಿಗೆ ವಾಶಿ, ನೆರೂಳ, ಠಾಣೆಗಳ ಮಾಲುಗಳಲ್ಲಿ, ಬಿಲ್ಡಿಂಗುಗಳ ಬೇಸ್‌ಮೆಂಟುಗಳಲ್ಲಿ ಪೂಲ್ ಎಂಬ, ಮೇಜಿನ ಮೇಲೆ ಕೋಲಿನಿಂದ ಚೆಂಡು ತಳ್ಳುವ ಆಟದ ಪಾರ್ಲರುಗಳು ಒಂದರ ಹಿಂದೆ ಒಂದು ತೆರೆಯುತ್ತಿದ್ದವು. ಆ ಆಟದ ಸಾಮಾನು ಮಾರುವ ಅಂಗಡಿಯೊಂದು ಡೊಂಬಿವಲಿ ಪೂರ್ವದಲ್ಲಿತ್ತು. ಮುಂದಿನ ಕೌಂಟರಿನಲ್ಲಿ ಸೇಠ ಕೂರುತ್ತಿದ್ದರು. ಹಿಂದಿನ ಉದ್ದನೆಯ ಕೋಣೆಯಲ್ಲಿ ಮಾಮಾ ಮತ್ತು ನಾನು ಇಬ್ಬರೇ. ಕಿಟಕಿಯ ಒಂದು ಬದಿಗೆ ನನ್ನ ಹೊಲಿಗೆ ಮಿಶಿನ್ನು. ಕ್ಯೂ ಇಡುವ, ಅಂದರೆ ಆಟದ ಕೋಲು ಇಡುವ, ಕ್ಯಾನ್ವಾಸ್ ಚೀಲಗಳನ್ನು ನಾನು ಹೊಲಿಯುತ್ತಿದ್ದೆ. ಇನ್ನೊಂದು ಬದಿಗೆ ಅವರ ಲೇಥು, ಗೋಂದಿನ ಡಬ್ಬಿ, ಚರ್ಮದ ಸುರುಳಿಗಳು. ಆಟಗಾರನ ಕೈ ಜಾರದಂತೆ ಕೋಲಿನ ಹಿಡಿಕೆಗೆ ಚರ್ಮ ಸುತ್ತುವುದು ಅವರ ಕೆಲಸ.

ನಾನು ಉಡುಪಿ ಕಡೆಯವಳು. ಗಂಡ ಐರೋಲಿಯ ಒಂದು ಶಾಕಾಹಾರಿ ಹೋಟೆಲಿನಲ್ಲಿ ಮ್ಯಾನೇಜರ್. ಮಗಳಿಗೆ ಆಗ ನಾಲ್ಕು ವರ್ಷ. ಮಾಮಾ ಅಥಣಿ ಕಡೆಯವರು. ಮನೆತನದ ಕಸುಬು ಚಪ್ಪಲಿ ಹೊಲಿಯುವುದು. ಮದುವೆಯಾದ ಎರಡನೇ ವರ್ಷಕ್ಕೇ ಹೆಂಡತಿ ತೀರಿಹೋಗಿ, ಇಪ್ಪತ್ತೈದರ ವಯಸ್ಸಿನಲ್ಲಿ ಒಬ್ಬರೇ ಮುಂಬಯಿಗೆ ಬಂದು, ಯಾವುದೋ ಕ್ಲಬ್ಬಿನ ಮುದುಕ ಮಿಸ್ತ್ರಿಯ ಹತ್ತಿರ ಈ ಕೆಲಸ ಕಲಿತಿದ್ದರು. ನಾನು ನೋಡುವಾಗ ಐವತ್ತರ ಹತ್ತಿರ.

ಕೆಲಸಕ್ಕೆ ಸೇರಿದ ಮೊದಲ ದಿನವೇ ನನ್ನ ಕೈಗೆ ಒಂದು ಕೋಲು ಕೊಟ್ಟರು.

"ಅಕ್ಕಾರ, ಕಣ್ಣ ಮುಚ್ಚಕೋರಿ. ಚರ್ಮಾ ಎಲ್ಲಿ ಕೂಡೇತಿ, ಬೆರಳ ಹಚ್ಚಿ ಹೇಳ್ರಿ."

ನಾನು ಕಣ್ಣು ಮುಚ್ಚಿ ಹಿಡಿಕೆಯ ಸುತ್ತ ಬೆರಳು ತಿರುಗಿಸಿದೆ. ಎರಡು ಸಲ, ಮೂರು ಸಲ. ಎಲ್ಲ ಕಡೆ ಒಂದೇ ನುಣುಪು. ಕಣ್ಣು ಬಿಟ್ಟು ನೋಡಿದರೂ ಅಂಚಿನ ಗೆರೆ ಸಿಕ್ಕಲಿಲ್ಲ. ಅವರು ಮಕ್ಕಳ ಹಾಗೆ ನಕ್ಕು ಕೋಲನ್ನು ಬೆಳಕಿಗೆ ಓರೆ ಹಿಡಿದು ತೋರಿಸಿದರು. ಕೂದಲಿಗಿಂತ ತೆಳುವಾದ ಒಂದು ಗೆರೆ ಉದ್ದಕ್ಕೂ ಇತ್ತು.

"ಕಣ್ಣಿಗೆ ಕಂಡ್ರ ಕಾಣಲಿ. ಕೈಗೆ ಸಿಗಬಾರದ್ರಿ. ಆಡಾಂವ ಕೈಲೆ ಆಡತಾನ."

ಅವರ ಕೆಲಸ ನೋಡುವುದು ನನಗೆ ರೂಢಿಯಾಯಿತು. ಹಳೆಯ ದಾರದ ಸುತ್ತನ್ನು ಕೊಯ್ದು ಬಿಚ್ಚುವರು. ಮರವನ್ನು ಲೇಥಿನಲ್ಲಿ ತಿರುಗಿಸಿ, ಚರ್ಮದ ದಪ್ಪಕ್ಕೆ ಸರಿಯಾಗಿ ತಗ್ಗು ಮಾಡುವರು. ಚರ್ಮವನ್ನು ಸ್ವಲ್ಪ ನೆನೆಸಿ ಹಿಡಿಕೆಗೆ ಸುತ್ತಿ, ಉಗುರಿನಿಂದ ಗುರುತು ಹಾಕಿ, ಹಲಗೆಯ ಮೇಲೆ ಹರಡಿ, ಉಕ್ಕಿನ ಪಟ್ಟಿಯಿಟ್ಟು ತೆಳ್ಳಗಿನ ಬ್ಲೇಡಿನಿಂದ ಒಂದೇ ಎಳೆತಕ್ಕೆ ಕತ್ತರಿಸುವರು. ಆಗ ಉಸಿರು ಬಿಗಿಹಿಡಿಯುತ್ತಿದ್ದರು. ಆ ಹೊತ್ತಿಗೆ ನಾನು ಮಿಶಿನ್ನಿನ ಕಾಲು ನಿಲ್ಲಿಸಬೇಕು, ಮಾತಾಡಬಾರದು. ಅದು ನಮ್ಮಿಬ್ಬರ ನಡುವಿನ ಕರಾರು. ಆಮೇಲೆ ಗೋಂದು, ಸುತ್ತುವುದು, ಎರಡು ಅಂಚು ಕೂಡಿಸುವುದು, ಎತ್ತಿನ ಕೊಂಬಿನ ತುಂಡಿನಿಂದ ಉಜ್ಜಿ ಉಜ್ಜಿ ನುಣುಪು ಮಾಡುವುದು.

ಚರ್ಮದ ಕೋಣೆಯಲ್ಲಿ ಕೂರುತ್ತೇನೆಂದು ನನ್ನ ಅತ್ತೆಗೆ ಕಸಿವಿಸಿ. ಯಾವ ಪ್ರಾಣಿಯದು ಎಂದು ಕೇಳಿಕೊಂಡು ಬಾ ಎಂದರು. ಮಾಮಾರನ್ನು ಕೇಳಿದೆ.

"ನಿಮ್ಮ ಮನ್ಯಾಗ ಕೇಳಿದ್ರ ಎಲ್ಲಾ ಆಡಿಂದ ಅನ್ರಿ."

"ನಿಜಕ್ಕೂ ಆಡಿನದ್ದೇ ಹೌದಾ?"

"ಆಡ ಅಂದ್ನೆಲ್ಲರಿ," ಎಂದು ಕಣ್ಣು ಮಿಟುಕಿಸಿದರು.

ನಾನು ಅವರ ಜೊತೆಯೇ ಕೂತು ಚಹಾ ಕುಡಿಯುತ್ತಿದ್ದೆ. ಕಿಟಕಿಯಲ್ಲಿ ಎರಡು ಗಾಜಿನ ಲೋಟಗಳಿದ್ದವು. ಯಾವುದು ಯಾರದು ಎಂಬ ಲೆಕ್ಕವಿರಲಿಲ್ಲ. ನಮ್ಮ ಮನೆಯವರು ದಾಟದ ಗೆರೆಯೊಂದನ್ನು ನಾನು ದಾಟಿದ್ದೇನೆ ಎಂಬ ಹೆಮ್ಮೆ ಒಳಗೊಳಗೇ ಇತ್ತು. ಮುಂದೆ ನಾನು ಏನು ಮಾಡಿದೆ ಎಂದು ಹೇಳುವ ಮೊದಲು ಈ ಹೆಮ್ಮೆಯನ್ನೂ ಹೇಳಿಬಿಡಬೇಕು.

ಒಂದು ಮಧ್ಯಾಹ್ನ ಅವರು ಜೇನುಬಣ್ಣದ ಚರ್ಮವೊಂದನ್ನು ಕತ್ತರಿಸುತ್ತಿದ್ದರು. ನಾನು ಮಿಶಿನ್ನು ನಿಲ್ಲಿಸಿದ್ದೆ. ಬ್ಲೇಡು ಸರ್ರನೆ ಕೆಳಗಿನವರೆಗೆ ಬಂತು. ಅವರು ಉಸಿರು ಬಿಟ್ಟು ಗೋಂದಿನ ಡಬ್ಬಿಗೆ ಕೈ ಚಾಚಿದರು. ಚರ್ಮದ ಮೇಲೆ ಕೆಂಪು ಚುಕ್ಕೆ ಬಿತ್ತು. ಇನ್ನೊಂದು ಬಿತ್ತು.

"ಮಾಮಾ, ರಕ್ತ!"

"ಎಲ್ಲೈತ್ರಿ?" ಎಂದು ಅವರು ಚರ್ಮವನ್ನೇ ಮಗುಚಿ ನೋಡಿದರು.

"ಮಾರಾಯ್ರೆ, ನಿಮ್ಮ ಕೈ ನೋಡಿ!"

ಎಡಗೈಯ ಕಿರುಬೆರಳಿನ ತುದಿ ಸೀಳಿಹೋಗಿತ್ತು. ಅವರು ಆ ಬೆರಳನ್ನು, ಯಾರೋ ಬಿಟ್ಟುಹೋದ ವಸ್ತುವನ್ನು ನೋಡಿದ ಹಾಗೆ ನೋಡಿದರು. "ನನಗ ಗೊತ್ತ ಆಗ್ಲಿಲ್ಲ ನೋಡ್ರಿ," ಎಂದರು. ಅವರ ಮುಖದ ಬಣ್ಣವೇ ಇಳಿದುಹೋಗಿತ್ತು. ಬಟ್ಟೆ ಕಟ್ಟಿಕೊಟ್ಟೆ. "ಯಾರಿಗೂ ಹೇಳಬ್ಯಾಡ್ರಿ," ಎಂದರು. ಬ್ಲೇಡು ತಾಗಿದ್ದನ್ನು ಹೇಳಿದರೆ ಏನು ಎಂದು ನನಗೆ ಅರ್ಥವಾಗಲಿಲ್ಲ.

ಆದರೆ ಅಂದಿನಿಂದ ನನ್ನ ಕಣ್ಣು ಅವರ ಕೈಯ ಮೇಲೆಯೇ. ಬಿಸಿ ಚಹಾದ ಲೋಟವನ್ನು ನಾನು ಸೆರಗಿನಲ್ಲಿ ಹಿಡಿದರೆ ಅವರು ಬರಿಗೈಯಲ್ಲಿ ಹಿಡಿಯುತ್ತಿದ್ದರು. ಮೊದಲು ಅದನ್ನು ಗಟ್ಟಿತನ ಎಂದುಕೊಂಡಿದ್ದೆ. ಲೇಥಿನ ಕಾದ ಮೋಟರಿಗೆ ಕೈ ತಾಗಿ ಉಂಗುರಬೆರಳಿನಲ್ಲಿ ಬೊಬ್ಬೆ ಎದ್ದಿತ್ತು. ಅದನ್ನು ನಾನೇ ತೋರಿಸಬೇಕಾಯಿತು. ಕೆಲವು ದಿನ ಕಳೆದ ಮೇಲೆ, "ಅಕ್ಕಾರ, ಒಂದ ಸೂಜಿ ಕೊಡ್ರಿ," ಎಂದು ಕೇಳಿದರು. ಕೊಟ್ಟೆ. ಅವರು ನನಗೆ ಬೆನ್ನು ಮಾಡಿ ಕೂತರು. ಕಿಟಕಿಯ ಗಾಜಿನಲ್ಲಿ ನನಗೆ ಕಾಣುತ್ತಿತ್ತು. ಮುಖವನ್ನು ಗೋಡೆಗೆ ತಿರುಗಿಸಿಕೊಂಡು ಒಂದೊಂದೇ ಬೆರಳಿಗೆ ಚುಚ್ಚಿಕೊಳ್ಳುತ್ತಿದ್ದರು. ಹೆಬ್ಬೆರಳಿಗೆ ಕೈ ಹಿಂದೆಗೆಯಿತು. ತೋರುಬೆರಳಿಗೆ ಹಿಂದೆಗೆಯಿತು. ನಡುಬೆರಳಿಗೂ. ಉಂಗುರಬೆರಳಿಗೆ ಏನೂ ಆಗಲಿಲ್ಲ. ಕಿರುಬೆರಳಿಗೆ ಚುಚ್ಚಿದರು, ಇನ್ನೂ ಆಳಕ್ಕೆ ಚುಚ್ಚಿದರು. ಕೈ ಸುಮ್ಮನೆ ಮಲಗಿಯೇ ಇತ್ತು.

ಸೂಜಿಯನ್ನು ಒರೆಸಿ ವಾಪಸು ಕೊಟ್ಟರು. ಅವರು ಆಚೆ ತಿರುಗಿದೊಡನೆ ನಾನು ಅದನ್ನು ಕಿಟಕಿಯಿಂದ ಹೊರಗೆ ಎಸೆದೆ.

ಡೊಂಬಿವಲಿ ಸ್ಟೇಶನ್ನಿನ ಹತ್ತಿರದ ಗೋಡೆಯೊಂದರ ಮೇಲೆ ಸರಕಾರದ ಪೋಸ್ಟರು ಇತ್ತು. ಮನುಷ್ಯನ ಬೆನ್ನು, ಅದರ ಮೇಲೆ ಮಾಸಲು ಬಿಳಿಯ ಕಲೆ, ಕೆಳಗೆ ಮರಾಠಿಯಲ್ಲಿ ನಾಲ್ಕು ಸಾಲು. ದಿನಾ ಎರಡು ಸಲ ಅದರ ಮುಂದೆ ಹಾದುಹೋಗುತ್ತಿದ್ದವಳು ಆ ಸಂಜೆ ಮೊದಲ ಸಲ ನಿಂತು ಓದಿದೆ. ಸ್ಪರ್ಶ ತಿಳಿಯದ ಕಲೆ, ಜೋಮು ಹಿಡಿದ ಕೈಕಾಲು, ಕುಷ್ಠರೋಗವಿರಬಹುದು, ಔಷಧ ಉಚಿತ. ಹಿಂದಿನಿಂದ ಜನ ನೂಕುತ್ತಿದ್ದರು. ನಾಲ್ಕೂ ಸಾಲನ್ನು ಇನ್ನೊಮ್ಮೆ ಓದಿದೆ.

ಮರುದಿನ ಅವರು ಕೈ ತೊಳೆಯಲು ಅಂಗಿಯ ತೋಳು ಮಡಿಸಿದಾಗ ಮೊಣಕೈಯ ಮೇಲೆ ಅದು ಕಂಡಿತು. ಅಂಗೈಯಗಲ, ಬೂದಿಯ ಬಣ್ಣ. ನಾನು ನೋಡಿದ್ದನ್ನು ಅವರು ನೋಡಿದರು. ತೋಳು ಕೆಳಗೆ ಎಳೆದುಕೊಂಡು, ಸ್ಟೂಲಿನ ಮೇಲೆ ಕೂತರು.

"ನಮ್ಮ ದೊಡ್ಡಪ್ಪಗ ಆಗಿತ್ರಿ. ದೊಡ್ಡ ಬ್ಯಾನಿ. ಹೊಲದಾಗ ಒಂದ ಗುಡಿಸಲಾ ಹಾಕಿ ಇಟ್ರು. ದಿನಾ ರೊಟ್ಟಿ ಒಯ್ಯಾಂವ ನಾನ. ಕಲ್ಲಿನ ಮ್ಯಾಲ ಇಟ್ಟ, ಹಿಂದ ನೋಡದ ಓಡಿ ಬರತಿದ್ದೆ. 'ಲೇ ತಮ್ಮಾ, ಒಂದ ಮಾತಾಡಿ ಹೋಗೋ' ಅಂತ ಕರೀತಿದ್ದ. ಒಂದ ದಿನಾನೂ ನಿಂದರಲಿಲ್ಲರಿ ನಾನು."

"ಈಗ ಹಾಗಿಲ್ಲ ಮಾಮಾ. ಔಷಧ ಉಂಟು. ದವಾಖಾನೆಗೆ ಹೋಗಿ."

"ಹೋದ್ರ ಹೆಸರ ಬರಕೋತಾರ. ಹೆಸರ ಬರದ್ರ ಸೇಠಗ ಗೊತ್ತಾಕ್ಕೈತಿ, ಚಾಳಿನಾಗ ಗೊತ್ತಾಕ್ಕೈತಿ. ದೀಪಾವಳಿ ಮುಗೀಲಿ, ಹೋಕ್ಕೇನಿ. ನೀವೊಬ್ರ ಬಾಯಿ ಬಿಡಬ್ಯಾಡ್ರಿ ಅಕ್ಕಾರ."

ಬಾಯಿ ಬಿಡುವುದಿಲ್ಲ ಎಂದು ಮಾತು ಕೊಟ್ಟೆ. ಆ ಮಾತನ್ನು ಉಳಿಸಿಕೊಂಡೆ. ಆದರೆ ಬಾಯಿ ಮುಚ್ಚಿಕೊಂಡು ಎಷ್ಟೆಲ್ಲ ಹೇಳಬಹುದು ಎಂದು ಮುಂದಿನ ಎರಡು ತಿಂಗಳಲ್ಲಿ ಕಲಿತೆ.

ಮಿಶಿನ್ನಿನ ಕೆಂಪು ದಾರ ಹರಿದು ಒಂದು ಲೋಟದ ತಳಕ್ಕೆ ಕಟ್ಟಿ, ಅದರಲ್ಲಿ ಮಾತ್ರ ಕುಡಿಯತೊಡಗಿದೆ. ಯಾಕೆ ಎಂದು ಹೇಳಲಿಲ್ಲ. ಅವರು ಕೇಳಲೂ ಇಲ್ಲ. ಮರುದಿನ ಅವರು ಮನೆಯಿಂದ ಒಂದು ಸ್ಟೀಲಿನ ಲೋಟ ತಂದರು. ಚಹಾದವನು ಬಂದಾಗ ಅದನ್ನು ತೋಳು ಚಾಚಿ ದೂರದಿಂದಲೇ ಹಿಡಿದರು. ಇನ್ನೊಂದು ಗಾಜಿನ ಲೋಟ ಕಿಟಕಿಯಲ್ಲಿ ಬೋರಲಾಗಿ ಧೂಳು ತಿನ್ನುತ್ತ ಉಳಿಯಿತು. ನಾನು ಮನೆಗೆ ಹೋದೊಡನೆ ಸ್ನಾನ ಮಾಡುತ್ತಿದ್ದೆ. ಮಗಳಿಗೆ ಅವರು ಚರ್ಮದ ಚೂರುಗಳಿಂದ ಒಂದು ಪುಟ್ಟ ಆನೆ ಹೊಲಿದು ಕೊಟ್ಟಿದ್ದರು. ಅದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕಚರಾ ಗಾಡಿಗೆ ಹಾಕಿದೆ. ಅವಳು ಎರಡು ದಿನ ಹುಡುಕಿದಳು. ಇಲಿ ಒಯ್ದಿರಬೇಕು ಎಂದೆ.

"ದಾದ ಆಂಡ್ ನಿಕ್ಕ್? ಬಚ್ಚಿದನಾ?" ಎಂದು ಗಂಡ ತುಳುವಿನಲ್ಲಿ ಕೇಳಿದರು, ಏನಾಯಿತು, ದಣಿದೆಯಾ ಎಂದು. ಸೆಕೆ ಎಂದೆ. ಹೇಳಿದರೆ ನನ್ನನ್ನು ಕೆಲಸ ಬಿಡಿಸುತ್ತಾರೆ, ಕಾರಣ ಸೇಠರಿಗೆ ತಿಳಿಯುತ್ತದೆ, ಮಾಮಾ ಬೀದಿಗೆ ಬೀಳುತ್ತಾರೆ. ಹೇಳದಿದ್ದರೆ ನನ್ನ ಮಗುವಿಗೆ? ಬೆಳಿಗ್ಗೆ ಒಂದು ಯೋಚನೆ, ಸಂಜೆ ಇನ್ನೊಂದು. ದೀಪಾವಳಿ ಬಂತು, ಹೋಯಿತು. ಅವರು ದವಾಖಾನೆಗೆ ಹೋಗಲಿಲ್ಲ. ನಾನೂ ಮತ್ತೆ ಆ ಮಾತು ಎತ್ತಲಿಲ್ಲ. ಎತ್ತಿದರೆ, ಬನ್ನಿ, ನಾನೇ ಕರೆದುಕೊಂಡು ಹೋಗುತ್ತೇನೆ ಎನ್ನಬೇಕಾಗುತ್ತಿತ್ತು.

ಚಳಿ ಶುರುವಾದ ಮೇಲೆ ಒಂದು ಬೆಳಿಗ್ಗೆ ಮಗಳಿಗೆ ಎಣ್ಣೆ ಹಚ್ಚುತ್ತಿದ್ದೆ. ಎಡಗೆನ್ನೆಯ ಮೇಲೆ, ರೂಪಾಯಿ ನಾಣ್ಯದಷ್ಟು ಅಗಲಕ್ಕೆ, ಬಿಳಿಯ ಕಲೆ.

ಎಣ್ಣೆಯ ಬಟ್ಟಲು ಕೈಯಿಂದ ಜಾರಿತು. ಶನಿವಾರದ ಅರ್ಧ ದಿನ ಅವಳು ಅಂಗಡಿಗೆ ಬರುತ್ತಿದ್ದದ್ದು, ಲೇಥಿನಿಂದ ಏಳುವ ಮರದ ಸುರುಳಿಗಳನ್ನು ತೋರಿಸಲು ಮಾಮಾ ಅವಳನ್ನು ಎತ್ತಿಕೊಳ್ಳುತ್ತಿದ್ದದ್ದು, ಅವಳ ಕೆನ್ನೆ ಅವರ ತೋಳಿಗೆ ಒತ್ತಿದ್ದದ್ದು ಕಣ್ಣೆದುರು ಬಂದು ನಿಂತಿತು. ಬೆಂಕಿಕಡ್ಡಿಯ ತುದಿಯಿಂದ ಕಲೆಯನ್ನು ಒತ್ತಿದೆ. "ಗೊತ್ತಾಗ್ತದಾ? ಈಗ? ಈಗ?" ಅವಳು ಮೊದಲು ನಕ್ಕಳು. ನಾನು ನಿಲ್ಲಿಸಲಿಲ್ಲ. ಕಡೆಗೆ ಅಳತೊಡಗಿದಳು. ನೋವಿಗೆ ಅತ್ತಳೋ ನನ್ನ ಮುಖ ನೋಡಿ ಅತ್ತಳೋ ಎಂಬುದೂ ನನಗೆ ತಿಳಿಯಲಿಲ್ಲ.

ಲಸಿಕೆ ಹಾಕಿಸಬೇಕು ಎಂದು ಮನೆಯಲ್ಲಿ ಸುಳ್ಳು ಹೇಳಿ ಹೊರಟೆ. ಡೊಂಬಿವಲಿಯಲ್ಲಿ ಯಾರಾದರೂ ನೋಡಿಯಾರು ಎಂದು ಠಾಣೆಯ ಸರಕಾರಿ ದವಾಖಾನೆಯೊಂದಕ್ಕೆ ಹೋದೆ. ರೈಲಿನಲ್ಲಿ ಮಗಳ ಮುಖ ನನ್ನ ಎದೆಗೆ ಒತ್ತಿ ಹಿಡಿದಿದ್ದೆ, ಎದುರಿನವರಿಗೆ ಕೆನ್ನೆ ಕಾಣದ ಹಾಗೆ. ಚರ್ಮದ ವಿಭಾಗದ ಮುಂದೆ ಉದ್ದನೆಯ ಬೆಂಚು. ತಲೆಯ ಮೇಲೆ ಸೆರಗು ಹೊದ್ದು ಕೂತೆ.

ನನಗಿಂತ ಮೂರು ಜನ ಮುಂದೆ ಮಾಮಾ ಕೂತಿದ್ದರು.

ಅವರೂ ಆ ದಿನವೇ, ಊರವರು ಕಾಣದ ಜಾಗವೆಂದೇ, ಅಲ್ಲಿಗೆ ಬಂದಿದ್ದರು. ಕೇಸ್ ಪೇಪರನ್ನು ನಾಲ್ಕು ಮಡಿಕೆ ಮಾಡಿ ಮುಷ್ಟಿಯಲ್ಲಿ ಹಿಡಿದಿದ್ದರು. ಮೊದಲು ನನ್ನನ್ನು ನೋಡಿದರು, ಏನೋ ಹೇಳಲು ಹೊರಟರು. ಆಮೇಲೆ ನನ್ನ ತೊಡೆಯ ಮೇಲಿದ್ದ ಮಗಳನ್ನು, ಅವಳ ಕೆನ್ನೆಯನ್ನು ನೋಡಿದರು. ಅವರ ಬಾಯಿ ತೆರೆದದ್ದು ಹಾಗೆಯೇ ಉಳಿಯಿತು. ಅಷ್ಟು ಹೆದರಿದ ಮುಖವನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ, ಆಮೇಲೆಯೂ ನೋಡಲಿಲ್ಲ.

"ಮಾಮಾ!" ಎಂದು ಮಗಳು ಕೂಗಿ ತೊಡೆಯಿಂದ ಜಾರಿದಳು. ನಾನು ಅವಳ ಫ್ರಾಕು ಹಿಡಿದೆಳೆದೆ. ಅವರೂ ಅಂಗೈ ಎತ್ತಿ ಬೇಡ ಬೇಡ ಎಂದು ಸನ್ನೆ ಮಾಡುತ್ತ ಎದ್ದು, ಬೆಂಚು ಬಿಟ್ಟು, ಮೂಲೆಯ ಗೋಡೆಗೆ ಅಂಟಿ ನಿಂತರು.

ಸಿಸ್ಟರು ಬಾಗಿಲಿಗೆ ಬಂದು ಅವರ ಪೂರ್ತಿ ಹೆಸರನ್ನು ಎಲ್ಲರಿಗೂ ಕೇಳುವಂತೆ ಕೂಗಿದಳು. ಅವರ ಮೈ ಕುಗ್ಗಿತು. "ಸೋಬತ್ ಕೋಣ್ ಆಹೆ?" ಎಂದು ಕೇಳಿದಳು, ಜೊತೆಗೆ ಯಾರಿದ್ದಾರೆ ಎಂದು. ಮಗಳು ಇನ್ನೂ ಮಾಮಾ ಮಾಮಾ ಎನ್ನುತ್ತಲೇ ಇದ್ದಳು. ಸಿಸ್ಟರು ನನ್ನ ಕಡೆ ತಿರುಗಿದಳು. "ತುಮ್ಚೇ ಆಹೇತ್ ಕಾ ಹೇ?" ಇವರು ನಿಮ್ಮವರಾ?

ಬೆಂಚಿನ ಜನರೆಲ್ಲ ನನ್ನನ್ನು ನೋಡಿದರು.

"ನಾಹೀ," ಎಂದೆ.

"ನಾಹೀ, ನಾಹೀ," ಎಂದು ಮಾಮಾ ನನಗಿಂತ ಜೋರಾಗಿ ಹೇಳಿದರು. "ಏಕಟಾಚ್ ಆಹೇ ಮೀ." ಒಬ್ಬನೇ ಇದ್ದೇನೆ ಎಂದು ಹೇಳುತ್ತ, ನನ್ನ ಕಡೆ ನೋಡದೆ ಒಳಗೆ ಹೋದರು. ಅವರು ಬಹಳ ಹೊತ್ತು ಒಳಗಿದ್ದರು. ಹೊರಗೆ ಬಂದಾಗ ಕೈಯಲ್ಲಿ ಮಾತ್ರೆಯ ಪಟ್ಟಿಗಳಿದ್ದವು. ಗೋಡೆಯ ಅಂಚಿನಲ್ಲೇ ನಡೆದು ಹೊರಟುಹೋದರು.

ಡಾಕ್ಟರು ವಯಸ್ಸಾದ ಹೆಂಗಸು. ಹತ್ತಿಯನ್ನು ಬತ್ತಿಯ ಹಾಗೆ ಹೊಸೆದು, ಮಗಳಿಗೆ ಕಣ್ಣು ಮುಚ್ಚಲು ಹೇಳಿ, ಕೆನ್ನೆಯ ಮೇಲೆ ಅಲ್ಲಲ್ಲಿ ಸೋಕಿಸಿದರು. ಸೋಕಿದಲ್ಲೆಲ್ಲ ಮಗಳು ಬೆರಳಿಟ್ಟು ತೋರಿಸಿದಳು. ಒಂದು ಸಲವೂ ತಪ್ಪಲಿಲ್ಲ. ಚಳಿಗೆ ಚರ್ಮ ಒಣಗಿದೆ, ಎಷ್ಟೋ ಮಕ್ಕಳಿಗೆ ಆಗುತ್ತದೆ, ಈ ಮುಲಾಮು ಹಚ್ಚಿ ಎಂದರು. ನನಗೆ ನಂಬಿಕೆ ಬರಲಿಲ್ಲ. ನಾನು ಕೆಲಸ ಮಾಡುವ ಕಡೆ ಒಬ್ಬರಿಗೆ ಆ ರೋಗವಿದೆ ಎಂದುಬಿಟ್ಟೆ. ಅವರು ಪೆನ್ನು ಕೆಳಗಿಟ್ಟರು.

"ಔಷಧ ಶುರು ಮಾಡಿದ್ದಾರಾ?"

"ಇವತ್ತಿನಿಂದ."

"ಹಾಗಾದರೆ ಹೆದರಬೇಡಿ. ಮಾತ್ರೆ ಶುರುವಾದ ಮೇಲೆ ಅವರಿಂದ ಯಾರಿಗೂ ಹರಡುವುದಿಲ್ಲ. ಒಂದು ವರ್ಷ ಬಿಡದೆ ತಿಂದರೆ ವಾಸಿ." ಬಾಗಿಲ ಕಡೆ ನೋಡಿ, ಈಗಷ್ಟೇ ಹೋದವರು ಯಾರೆಂದು ಹೊಳೆದವರ ಹಾಗೆ, "ಬೇಗ ಬಂದಿದ್ದರೆ ಬೆರಳಿನ ಸ್ಪರ್ಶ ಉಳಿಯುತ್ತಿತ್ತೋ ಏನೋ. ನಿಮಗೆ ಯಾವಾಗಿನಿಂದ ಗೊತ್ತಿತ್ತು?" ಎಂದು ಕೇಳಿದರು.

ಎರಡು ತಿಂಗಳಿನಿಂದ ಎಂದೆ. ಅವರು ಪೆನ್ನು ಎತ್ತಿ ಮುಲಾಮಿನ ಹೆಸರು ಬರೆದುಕೊಟ್ಟರು. ಮುಂದಿನ ಪೇಪರು ಎತ್ತಿಕೊಂಡರು.

ಗೇಟಿನ ಹೊರಗೆ ಬಂದರೆ ಮಾಮಾ ಹೋಗಿರಲಿಲ್ಲ. ರಸ್ತೆಯ ಆಚೆ ಬದಿ, ಕಬ್ಬಿನ ಹಾಲಿನ ಗಾಡಿಯ ಪಕ್ಕ ನಿಂತಿದ್ದರು. ನನ್ನನ್ನು ಕಂಡೊಡನೆ ಕೈ ಎತ್ತಿದರು, ತಮ್ಮ ಕೆನ್ನೆಯನ್ನು ಮುಟ್ಟಿ ತೋರಿಸಿದರು. ನಡುವೆ ರಿಕ್ಷಾಗಳ, ಬಸ್ಸುಗಳ ಸದ್ದು.

"ಕೂಸಿಗೇನಂತ್ರೀ?"

"ಎಂತ ಇಲ್ಲ ಮಾಮಾ! ಬರೀ ಒಣಚರ್ಮ! ಎಂತದೂ ಇಲ್ಲ!"

ಅವರು ನಿಂತಲ್ಲೇ ಫುಟ್‌ಪಾತಿನ ಮೇಲೆ ಕುಸಿದು ಕೂತರು. ಕೇಸ್ ಪೇಪರನ್ನು ಮುಖಕ್ಕೆ ಮುಚ್ಚಿಕೊಂಡರು. ಭುಜ ಅಲುಗುತ್ತಿತ್ತು. ಜನ ಅವರನ್ನು ಬಳಸಿಕೊಂಡು ಹೋಗುತ್ತಿದ್ದರು. ನಾನು ರಸ್ತೆ ದಾಟಿದೆ ಎಂದು ಬರೆಯಲು ಇಷ್ಟವಾಗುತ್ತದೆ. ದಾಟಲಿಲ್ಲ. ಮಗಳ ಮಣಿಕಟ್ಟು ಹಿಡಿದುಕೊಂಡು ಈಚೆಯೇ ನಿಂತಿದ್ದೆ. ಅವರು ಎದ್ದು, ಮುಖ ಒರೆಸಿಕೊಂಡು, ಸ್ಟೇಶನ್ನಿನ ಕಡೆ ನಡೆದು ಮರೆಯಾದ ಮೇಲೆ ನಾವು ಹೊರಟೆವು.

ಮರುದಿನ ಅಂಗಡಿಯಲ್ಲಿ ಅವರ ಎದುರಿಗೇ ಕತ್ತರಿಯಿಂದ ಲೋಟದ ಕೆಂಪು ದಾರ ಕತ್ತರಿಸಿದೆ. ಅವರು ನೋಡಿದರು.

"ಇರಲಿ ಬಿಡ್ರಿ ಅಕ್ಕಾರ. ಡಾಕ್ಟರಬಾಯಿ ನನಗೂ ಹೇಳ್ಯಾರ. ಆದ್ರೂ ಸ್ವಲ್ಪ ದಿವಸ ದೂರನ ಕುಂದ್ರೂಣು. ಕೂಸಿನ್ನ ಕರಕೊಂಡ ಬರಬ್ಯಾಡ್ರಿ."

ಸ್ಟೀಲಿನ ಲೋಟವನ್ನು ಅವರು ಕಡೆಯವರೆಗೂ ಬಿಡಲಿಲ್ಲ.

ಆ ಒಂದು ವರ್ಷ ನಾವಿಬ್ಬರೂ ಕಳ್ಳರ ಹಾಗೆ ಬದುಕಿದೆವು. ತಿಂಗಳಿಗೊಮ್ಮೆ ಅವರು ಠಾಣೆಗೆ ಹೋಗಿ ಬರುತ್ತಿದ್ದರು. ಸೇಠ ಕೇಳಿದರೆ ನಾನು, ಹಲ್ಲುನೋವು, ಕಣ್ಣಿನ ಪರೀಕ್ಷೆ, ಊರಿನಿಂದ ನೆಂಟರು ಎಂದು ಸುಳ್ಳು ಹೇಳುತ್ತಿದ್ದೆ. ಮಾತ್ರೆಗೆ ಅವರ ಮೈ ಕಪ್ಪಾಗುತ್ತ ಬಂತು. "ಕ್ಯಾ ಮಾಮಾ, ಗೋವಾ ಜಾಕೇ ಆಯೇ ಕ್ಯಾ?" ಗೋವಾಕ್ಕೆ ಹೋಗಿ ಬಂದಿರಾ ಎಂದು ಸೇಠ ನಕ್ಕರೆ ಮಾಮಾ ಲೇಥು ಶುರು ಮಾಡುತ್ತಿದ್ದರು, ನಾನು ಮಿಶಿನ್ನು ತುಳಿಯತೊಡಗುತ್ತಿದ್ದೆ. ಮೂತ್ರ ಕೆಂಪಾಗುತ್ತಿತ್ತಂತೆ, ಚಾಳಿನ ಹಂಚಿಕೆಯ ಸಂಡಾಸಿನಲ್ಲಿ ಯಾರಾದರೂ ನೋಡಿಯಾರು ಎಂದು ಎರಡೆರಡು ಬಕೆಟ್ಟು ನೀರು ಸುರಿದು ಬರುತ್ತಿದ್ದರು. ಅಷ್ಟು ನೀರು ಯಾಕೆ ಎಂದು ಜಗಳವೂ ಆಗಿತ್ತು. ಖಾಲಿಯಾದ ಮಾತ್ರೆಪಟ್ಟಿಗಳನ್ನು ಚಾಳಿನಲ್ಲಿ ಎಸೆಯುವಂತಿರಲಿಲ್ಲ. 

"ಇಲ್ಲಿ ಕೊಡಿ," ಎಂದು ನಾನೇ ಕೇಳಿ ತೆಗೆದುಕೊಂಡೆ. ಮೊದಲ ಸಲ ಅವರು ಕೊಡಲು ಹಿಂದೆಮುಂದೆ ನೋಡಿದರು. ಕರವಸ್ತ್ರದಲ್ಲಿ ಸುತ್ತಿ ನನ್ನ ಚೀಲಕ್ಕೆ ಹಾಕಿಕೊಂಡು ಡೊಂಬಿವಲಿ ಸ್ಟೇಶನ್ನಿನ ಕಸದ ಡಬ್ಬಿಗೆ ಎಸೆದೆ. ಹನ್ನೆರಡು ತಿಂಗಳೂ ಎಸೆದೆ. ಎಸೆಯುವಾಗ ಪ್ರತಿ ಸಲವೂ ಹಿಂದೆ ತಿರುಗಿ ನೋಡುತ್ತಿದ್ದೆ.

ವರ್ಷ ತುಂಬಿದ ಮೇಲೆ ಔಷಧ ನಿಂತಿತು. ಮೈಬಣ್ಣ ನಿಧಾನವಾಗಿ ತಿಳಿಯಾಯಿತು, ತೋಳಿನ ಕಲೆ ಮಂಕಾಯಿತು. ಎರಡು ಬೆರಳುಗಳ ಸ್ಪರ್ಶ ಮಾತ್ರ ಹಿಂದಿರುಗಲಿಲ್ಲ. ಕಿರುಬೆರಳು ಸ್ವಲ್ಪ ಬಾಗಿಯೇ ಉಳಿಯಿತು. ಬ್ಲೇಡು ತಾಗದಿರಲೆಂದು ಅವರು ಮೆತ್ತನೆಯ ಚರ್ಮದಲ್ಲಿ ಆ ಎರಡು ಬೆರಳಿಗೆ ಕುಲಾವಿ ಹೊಲಿದುಕೊಂಡರು. ಅದು ಯಾವುದೋ ಗುಟ್ಟಿನ ಕೌಶಲ ಎಂದು ತಿಳಿದು ನೆರೂಳಿನ ಒಬ್ಬ ಮಿಸ್ತ್ರಿಯೂ ಅಂಥದ್ದೇ ಹಾಕಿಕೊಂಡ. ಮಾಮಾ ಹೊಟ್ಟೆ ಹಿಡಿದುಕೊಂಡು ನಕ್ಕದ್ದು ಆಗ ಒಂದೇ ಸಲ.

ಸುತ್ತಿದ ಚರ್ಮದ ಅಂಚನ್ನು ತೋರುಬೆರಳಿನಿಂದ ನೋಡಿ, ಆದರೂ ಧೈರ್ಯ ಸಾಲದೆ, ಕೋಲನ್ನು ಮೇಜಿನ ಮೇಲೆ ನನ್ನ ಕಡೆ ಉರುಳಿಸುತ್ತಿದ್ದರು. ನಾನು ಕಣ್ಣು ಮುಚ್ಚಿ ಬೆರಳು ಹಾಯಿಸಿ, ಸಿಗಲಿಲ್ಲ ಎನ್ನುತ್ತಿದ್ದೆ. ಒಮ್ಮೆ ಸಿಕ್ಕಿತು. ವಾಶಿಯ ಒಂದು ಪಾರ್ಲರಿನ ದುಬಾರಿ ಕೋಲು. ಹೇಳಲೋ ಬೇಡವೋ ಎಂದು ತೊಳಲಾಡಿ, "ಇಲ್ಲಿ ತಾಗ್ತದೆ ಮಾಮಾ," ಎಂದೆ. ಅವರು ಪೂರ್ತಿ ಬಿಚ್ಚಿ, ಹೊಸ ಚರ್ಮ ತೆಗೆದು, ಮೊದಲಿನಿಂದ ಶುರು ಮಾಡಿದರು. "ಹೇಳಿದ್ದ ಚಲೋ ಆತ್ರಿ," ಎಂದರು, ಸಂಜೆ ಚಪ್ಪಲಿ ಮೆಟ್ಟುವಾಗ.

ಮುಂದೆ ಪಾರ್ಲರುಗಳು ಒಂದೊಂದಾಗಿ ಮುಚ್ಚಿದವು, ಕೋಲುಗಳು ಮೊಬೈಲಿನಲ್ಲೇ ಸಿಗತೊಡಗಿದವು. ಸೇಠ ಅಂಗಡಿ ಮಾರಿ ಭಿವಂಡಿಯಲ್ಲಿ ಗೋದಾಮು ಹಾಕಿದರು. ಮಾಮಾ ತಮ್ಮ ಖೋಲಿಯಲ್ಲೇ ಲೇಥು ಇಟ್ಟುಕೊಂಡರು. ವರ್ಷಕ್ಕೊಮ್ಮೆ ಚೌತಿಗೆ ನಮ್ಮ ಮನೆಗೆ ಬರುತ್ತಿದ್ದರು. ಬಾಗಿಲ ಹತ್ತಿರದ ಸ್ಟೂಲಿನಲ್ಲೇ ಕೂತು, ಕಾಗದದ ತಟ್ಟೆಯಲ್ಲೇ ಕಡುಬು ತಿಂದು ಹೋಗುತ್ತಿದ್ದರು. ಒಳಗೆ ಬನ್ನಿ ಎಂದು ಗಂಡ ಕರೆಯುತ್ತಿದ್ದರು. ನಾನು ಕರೆಯುತ್ತಿರಲಿಲ್ಲ. ಡಾಕ್ಟರ ಮಾತು ತಲೆಗೆ ಹೊಕ್ಕಿತ್ತು, ಮೈಗೆ ಹೊಕ್ಕಿರಲಿಲ್ಲ. ಮಗಳಿಗೆ ತಲೆಸ್ನಾನ ಮಾಡಿಸುವಾಗ, ಅವಳು ದೊಡ್ಡವಳಾಗಿ ನನ್ನನ್ನು ಬಚ್ಚಲಿನಿಂದ ಹೊರಗೆ ಕಳಿಸುವವರೆಗೂ, ಬೆನ್ನು, ತೋಳು, ಕಿವಿಯ ಹಿಂದೆ ಹುಡುಕುತ್ತಲೇ ಇದ್ದೆ. ಆ ಅಂಜಿಕೆ ನನ್ನೊಬ್ಬಳದೇ ಎಂದುಕೊಂಡಿದ್ದೆ.

ಅವರು ಹೋದ ಮರುದಿನ ಮಗಳೊಂದಿಗೆ ಕಳವಾಕ್ಕೆ ಹೋದೆ. ಅಥಣಿಯಿಂದ ಬಂದಿದ್ದ ಅಣ್ಣನ ಮಗ ಖೋಲಿ ಖಾಲಿ ಮಾಡುತ್ತಿದ್ದ. ಹಿಂತಿರುಗುವಾಗ ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಕೂತು, ಎರಡು ಲೋಕಲ್ ರೈಲುಗಳನ್ನು ಹೋಗಲು ಬಿಟ್ಟು, ಮಗಳಿಗೆ ಎಲ್ಲ ಹೇಳಿದೆ. ಸೂಜಿ, ಲೋಟ, ಚರ್ಮದ ಆನೆ, ದವಾಖಾನೆಯಲ್ಲಿ ನಾನು ಹೇಳಿದ ಆ ಒಂದು ಮಾತು. ಅವಳಿಗೆ ಈಗ ಹದಿನಾರು. ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ಹಿಂದಿಯೇ.

"ಮಮ್ಮಿ, ಮುಝೇ ಮಾಲೂಮ್ ಥಾ," ಎಂದಳು, ನನಗೆ ಗೊತ್ತಿತ್ತು ಎಂದು.

ನನಗೆ ಕೇಳಿಸಿದ್ದು ಸರಿಯೋ ಎಂದು ಅವಳನ್ನೇ ನೋಡಿದೆ. ಅವಳು ಹಳಿಗಳ ಕಡೆ ನೋಡುತ್ತ ಹಿಂದಿಯಲ್ಲೇ ಹೇಳಿದಳು. ಔಷಧ ಮುಗಿದ ಮೇಲೆ ಪ್ರತಿ ವರ್ಷ ಹುಟ್ಟುಹಬ್ಬಕ್ಕೆ ಪೇಡೆ ಹಂಚಲು ಅಂಗಡಿಗೆ ಬಂದಾಗ, ನಾನು ಮುಂದೆ ಸೇಠರೊಡನೆ ಮಾತಾಡುತ್ತಿರುವಾಗ, ಮಾಮಾ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ದೂರದಿಂದಲೇ ಕೇಳುತ್ತಿದ್ದರಂತೆ: ಮೈಮೇಲೆ ಎಲ್ಲಾದರೂ ಬಿಳಿ ಕಲೆ ಇದೆಯಾ, ಮುಟ್ಟಿದರೆ ಗೊತ್ತಾಗದ ಜಾಗ ಇದೆಯಾ. ಇಲ್ಲ ಎಂದರೆ ದೊಡ್ಡ ಉಸಿರು ಬಿಟ್ಟು, ಆಮೇಲೆಯೇ ಪೇಡೆ ಮುಟ್ಟುತ್ತಿದ್ದರಂತೆ. ಅಂಗಡಿ ಮುಚ್ಚಿದ ಮೇಲೆ ಚೌತಿಯ ದಿನ, ನಾನು ಒಳಗೆ ಕಡುಬು ತರಲು ಹೋದಾಗ. ತನಗೆ ಹತ್ತು ವರ್ಷವಾದಾಗ ಅವಳೇ ಯಾಕೆ ಎಂದು ಕೇಳಿದಳಂತೆ. ಅವರು ತಮ್ಮ ಕಿರುಬೆರಳು ತೋರಿಸಿ ಎಲ್ಲ ಹೇಳಿದ್ದರು.

"ನನಗೆ ಯಾಕೆ ಹೇಳಲಿಲ್ಲ?" ಎಂದೆ.

ಅವಳು ಆಗ ಹಿಂದಿ ಬಿಟ್ಟಳು. ನಮ್ಮ ಕನ್ನಡವೂ ಅಲ್ಲದ, ಅವಳ ಬಾಯಿಂದ ನಾನು ಎಂದೂ ಕೇಳದ ಅಥಣಿಯ ಕನ್ನಡದಲ್ಲಿ, ಅವರ ರಾಗದಲ್ಲೇ ಹೇಳಿದಳು:

"ನಿಮ್ಮವ್ವಗ ಹೇಳಬ್ಯಾಡ ತಂಗಿ. ಅಕಿ ಭಾಳ ಅಂಜತಾಳ."